ಕಟ್ಟಡದ ಹೆಸರು ಬದಲಿಸುವಾಗ ಕೇಳಬೇಕಾದ ಪ್ರಶ್ನೆಗಳು: ಯೇಲ್ ಮತ್ತು ಪ್ರಿನ್ಸ್‌ಟನ್

ಅಮೆರಿಕದ ವಿಶ್ವವಿದ್ಯಾಲಯಗಳ ಎಷ್ಟೋ ಕಟ್ಟಡಗಳಿಗೆ ವರ್ಣಭೇದವನ್ನು ಎತ್ತಿಹಿಡಿದ ರಾಜಕಾರಣಿಗಳ ಹೆಸರುಗಳಿವೆ. ಅವುಗಳ ಕುರಿತ ಚರ್ಚೆಯನ್ನು ಓದುವಾಗ ಆ ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ ಎಂಬಲ್ಲಿಗೇ ನಿಂತರೆ ವಾದ ಒಂದು ಹೆಜ್ಜೆಯೂ ಮುಂದೆ ಸಾಗದು. 2016ರಲ್ಲಿ ಕಾನೂನು ಪ್ರಾಧ್ಯಾಪಕ ಜಾನ್ ವಿಟ್ ಅವರ ನೇತೃತ್ವದಲ್ಲಿ ಯೇಲ್ ವಿಶ್ವವಿದ್ಯಾಲಯ ರಚಿಸಿದ ಸಮಿತಿ ಇದಕ್ಕಿಂತ ಗಟ್ಟಿಯಾದ ತಳಹದಿಯನ್ನು ಒದಗಿಸಿತು. ಹೆಸರು ಬದಲಾವಣೆ ಅಪರೂಪದ ಕ್ರಮವಾಗಿರಬೇಕು ಎಂದು ಮೊದಲೇ ಒಪ್ಪಿಕೊಂಡ ಸಮಿತಿ, ಆ ವ್ಯಕ್ತಿಯ ಮುಖ್ಯ ಪರಂಪರೆ ವಿಶ್ವವಿದ್ಯಾಲಯದ ಧ್ಯೇಯಕ್ಕೆ ಮೂಲದಲ್ಲೇ ವಿರುದ್ಧವಾಗಿದೆಯೇ, ಅವನ ಕಾಲದಲ್ಲೇ ಅದಕ್ಕೆ ವಿರೋಧವಿತ್ತೇ, ಹೆಸರಿಟ್ಟವರ ಉದ್ದೇಶವೇನಿತ್ತು, ಆ ಕಟ್ಟಡ ವಿದ್ಯಾರ್ಥಿಗಳ ಸಮುದಾಯ ಜೀವನವನ್ನು ರೂಪಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ಮುಂದಿಟ್ಟಿತು.

ಇವುಗಳನ್ನು ಜಾನ್ ಕ್ಯಾಲ್ಹೂನ್‌ಗೆ ಅನ್ವಯಿಸಿ ನೋಡೋಣ. 1804ರಲ್ಲಿ ಯೇಲ್‌ನಲ್ಲಿ ಪದವಿ ಪಡೆದು ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೇರಿದ ಈತ, 1837ರಲ್ಲಿ ಸೆನೆಟ್‌ನಲ್ಲಿ ಗುಲಾಮಗಿರಿಯನ್ನು ಅನಿವಾರ್ಯ ಕೇಡೆಂದೂ ಒಪ್ಪದೆ, ಅದೊಂದು ಒಳಿತೆಂದೇ ಸಮರ್ಥಿಸಿದ. 1850ರಲ್ಲಿ ಅವನು ತೀರಿಕೊಂಡಾಗ ಯೇಲ್‌ನ ವಿಜ್ಞಾನ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ ಈ ಸಮರ್ಥನೆಯನ್ನು ಖಂಡಿಸಿದ್ದರು. ಆದ್ದರಿಂದ ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುತ್ತಿದ್ದೇವೆ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಇಷ್ಟಿದ್ದೂ 1930ರ ದಶಕದ ಆರಂಭದಲ್ಲಿ ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸಿ, ಉಂಡು, ಓದುವ ಒಂದು ವಸತಿ ಕಾಲೇಜಿಗೆ ಅವನ ಹೆಸರಿಡಲಾಯಿತು.

ಆ ಕಾಲೇಜಿನ ಊಟದ ಕೋಣೆಯ ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ತಲೆಯ ಮೇಲೆ ಹತ್ತಿಯ ಬುಟ್ಟಿ ಹೊತ್ತ ಗುಲಾಮರ ಚಿತ್ರವಿತ್ತು. 2016ರ ಬೇಸಿಗೆಯಲ್ಲಿ ಅಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದ ನೌಕರರೊಬ್ಬರು ಪೊರಕೆಯ ಕೋಲಿನಿಂದ ಅದನ್ನು ಒಡೆದರು. ಅವರು ಕೆಲಸ ಬಿಡಬೇಕಾಯಿತು. ಪ್ರತಿಭಟನೆಯ ನಂತರ ಅವರ ಮೇಲಿನ ಮೊಕದ್ದಮೆ ಕೈಬಿಡಲಾಯಿತು, ಕೆಲಸವೂ ಮರಳಿ ಸಿಕ್ಕಿತು. ಅನ್ನ ಬಡಿಸುವ ಜಾಗದಲ್ಲಿ ದಿನವೂ ಆ ಚಿತ್ರದ ಕೆಳಗೆ ನಿಲ್ಲುವುದು ಏನೆಂಬುದನ್ನು ಯಾವ ವರದಿಯೂ ಇಷ್ಟು ನೇರವಾಗಿ ಹೇಳಿರಲಿಲ್ಲ ಎಂದು ನನಗನಿಸುತ್ತದೆ. 2017ರ ಫೆಬ್ರುವರಿಯಲ್ಲಿ ಕಾಲೇಜಿಗೆ ಗಣಿತಜ್ಞೆ, ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರ ಹೆಸರಿಡಲು ಯೇಲ್ ತೀರ್ಮಾನಿಸಿತು. ಯೇಲ್ ಆವರಣದ ಹಾರ್ಕ್‌ನೆಸ್ ಗೋಪುರದ ಮೇಲಿನ ಕ್ಯಾಲ್ಹೂನ್ ಪ್ರತಿಮೆ ಮಾತ್ರ ಹಾಗೆಯೇ ಉಳಿಯಿತು. ಗೌರವವನ್ನು ಹಿಂತೆಗೆದುಕೊಳ್ಳುವುದು ಬೇರೆ, ಇತಿಹಾಸವನ್ನು ಅಳಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ವುಡ್ರೊ ವಿಲ್ಸನ್ ಪ್ರಕರಣ ನಿಜಕ್ಕೂ ಕಠಿಣ. ಆತ 1902ರಿಂದ 1910ರವರೆಗೆ ಪ್ರಿನ್ಸ್‌ಟನ್‌ನ ಅಧ್ಯಕ್ಷನಾಗಿ ಅದನ್ನು ದೊಡ್ಡ ವಿದ್ಯಾಕೇಂದ್ರವಾಗಿ ಬೆಳೆಸಿದ. ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಗಳ ಒಕ್ಕೂಟದ ಶಿಲ್ಪಿಯಾಗಿ ನೊಬೆಲ್ ಶಾಂತಿ ಪ್ರಶಸ್ತಿಯನ್ನೂ ಪಡೆದ. ಆದರೆ 1913ರಲ್ಲಿ ದೇಶದ ಅಧ್ಯಕ್ಷನಾದ ಮೇಲೆ, ಅದುವರೆಗೆ ಬಿಳಿಯರೂ ಕಪ್ಪು ಜನರೂ ಜೊತೆಯಾಗಿ ಕೆಲಸ ಮಾಡುತ್ತಿದ್ದ ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಅವರನ್ನು ಪ್ರತ್ಯೇಕಿಸಲು ಅವನ ಸರ್ಕಾರ ಅವಕಾಶ ಕೊಟ್ಟಿತು. 1914ರಲ್ಲಿ ಕಪ್ಪು ಜನಾಂಗದ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಶ್ವೇತಭವನದಲ್ಲೇ ಇದನ್ನು ಎದುರೆದುರೇ ಪ್ರಶ್ನಿಸಿದಾಗ ವಿಲ್ಸನ್ ಸಿಟ್ಟಿಗೆದ್ದು ಮಾತುಕತೆಯನ್ನು ಮುರಿದ. ಪ್ರಿನ್ಸ್‌ಟನ್ 2016ರಲ್ಲಿ ಅವನ ಹೆಸರನ್ನು ಉಳಿಸಿಕೊಂಡು, ಪೊಲೀಸರ ಕೈಯಲ್ಲಿ ನಡೆದ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ 2020ರ ಜೂನ್‌ನಲ್ಲಿ ಸಾರ್ವಜನಿಕ ನೀತಿ ಶಾಲೆಯಿಂದ ತೆಗೆಯಿತು. ಸಾರ್ವಜನಿಕ ಸೇವೆಯಲ್ಲೇ ಭೇದವನ್ನು ತಂದವನ ಹೆಸರು ಸಾರ್ವಜನಿಕ ಸೇವೆಯನ್ನು ಕಲಿಸುವ ಶಾಲೆಗೆ ಒಪ್ಪುವುದಿಲ್ಲ. ಈ ತೀರ್ಮಾನದ ಅತ್ಯಂತ ಬಲವಾದ ಸಮರ್ಥನೆ ಇದೇ ಎಂದು ನಾನು ಭಾವಿಸುತ್ತೇನೆ.

ನಿರ್ಧಾರದ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ಗಮನಿಸಬೇಕು. ಯೇಲ್, ಪ್ರಿನ್ಸ್‌ಟನ್ ಎರಡೂ ಖಾಸಗಿ ಸಂಸ್ಥೆಗಳಾದ್ದರಿಂದ ತಾವೇ ತೀರ್ಮಾನಿಸಿದವು. ಆದರೆ ದಕ್ಷಿಣ ಕೆರೊಲಿನಾದ ಕ್ಲೆಮ್‌ಸನ್ ಸರ್ಕಾರಿ ವಿಶ್ವವಿದ್ಯಾಲಯ. ಕಪ್ಪು ಮತದಾರರನ್ನು ಹಿಂಸೆಯಿಂದ ಹತ್ತಿಕ್ಕಿದ್ದನ್ನು ಬಹಿರಂಗವಾಗಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಬೆಂಜಮಿನ್ ಟಿಲ್‌ಮನ್ ಹೆಸರನ್ನು ಅಲ್ಲಿನ ಪ್ರಧಾನ ಕಟ್ಟಡದಿಂದ ತೆಗೆಯಲು ಅದರ ಆಡಳಿತ ಮಂಡಳಿ 2020ರಲ್ಲಿ ಬಯಸಿದರೂ, 2000ದ ಪರಂಪರೆ ಕಾಯ್ದೆಯ ಪ್ರಕಾರ ರಾಜ್ಯ ಶಾಸನಸಭೆಯ ಒಪ್ಪಿಗೆಯನ್ನು ಕೋರುವುದರ ಹೊರತು ಅದಕ್ಕೆ ಬೇರೆ ದಾರಿಯಿರಲಿಲ್ಲ.