ಚಕ್ರ ತಿರುಗಿಸಲು ಕಲಿತ ಮೆದುಳು

ತಾವೇ ಕಟ್ಟಿ ನಿಲ್ಲಿಸಿದ ಸಿದ್ಧಾಂತ ತಲೆಕೆಳಗಾಗಿತ್ತು ಎಂದು ಅರ್ಧ ಶತಮಾನದ ನಂತರ ತಾವೇ ಬರೆದು ಒಪ್ಪಿಕೊಳ್ಳುವ ವಿಜ್ಞಾನಿಗಳು ಅಪರೂಪ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 2016ರಲ್ಲಿ ಆ ಕೆಲಸ ಮಾಡಿದರು. ಕಷ್ಟಕಾಲದಲ್ಲಿ ಮನುಷ್ಯ ಭರವಸೆಯನ್ನು ಹೇಗೆ ಉಳಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಅವರ ತಿದ್ದುಪಡಿಯಲ್ಲಿ ಒಂದು ಉತ್ತರವಿದೆ. ‘ಪಾಸಿಟಿವ್ ಆಗಿ ಯೋಚಿಸಿ’ ಎಂದು ಎಲ್ಲರೂ ಎಲ್ಲರಿಗೂ ಪುಕ್ಕಟೆಯಾಗಿ ಹಂಚುವ ಬುದ್ಧಿಮಾತಿಗೂ ಆ ಉತ್ತರಕ್ಕೂ ಬಹಳ ಅಂತರವಿದೆ.

ಕಥೆ ಆರಂಭವಾಗುವುದು 1967ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಆಗಿನ್ನೂ ವಿದ್ಯಾರ್ಥಿಗಳಾಗಿದ್ದ ಇವರಿಬ್ಬರು ನಾಯಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನ ನಾಯಿಗಳಿಗೆ ವಿದ್ಯುತ್ ಆಘಾತ ಕೊಡಲಾಗುತ್ತಿತ್ತು, ಆದರೆ ತಲೆಯಿಂದ ಪಕ್ಕದ ಹಲಗೆಯನ್ನು ಒತ್ತಿದರೆ ಅದು ನಿಲ್ಲುತ್ತಿತ್ತು. ಎರಡನೆಯ ಗುಂಪಿಗೂ ಅಷ್ಟೇ ಆಘಾತ, ಅಷ್ಟೇ ಹೊತ್ತು. ಹಲಗೆ ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಮೂರನೆಯ ಗುಂಪಿಗೆ ಆಘಾತವೇ ಇಲ್ಲ. ಮರುದಿನ ಎಲ್ಲ ನಾಯಿಗಳನ್ನೂ, ನಡುವಿನ ತಡೆಯನ್ನು ಹಾರಿದರೆ ಆಘಾತದಿಂದ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಎರಡನೆಯ ಗುಂಪಿನ 8 ನಾಯಿಗಳಲ್ಲಿ 6 ಹಾರಲು ವಿಫಲವಾದವು. ಅಂಥ ನಾಯಿಗಳು ಬಿದ್ದಲ್ಲೇ ನರಳುತ್ತ ನೋವನ್ನು ಸಹಿಸಿಕೊಂಡವು. ಇಂದು ಓದುವಾಗ ಕರುಳು ಹಿಂಡುವ ಪ್ರಯೋಗ ಇದು. ಇದರಿಂದ ಹುಟ್ಟಿದ್ದು ‘ಕಲಿತ ಅಸಹಾಯಕತೆ’ ಎಂಬ ಪರಿಕಲ್ಪನೆ: ಏನು ಮಾಡಿದರೂ ಪ್ರಯೋಜನವಿಲ್ಲ ಎಂಬುದನ್ನು ಪ್ರಾಣಿ ಅನುಭವದಿಂದ ಕಲಿಯುತ್ತದೆ, ಕಲಿತ ಮೇಲೆ ದಾರಿ ತೆರೆದಿದ್ದರೂ ಪ್ರಯತ್ನಿಸುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದಾಗ ಒಂದು ತೊಡಕು ಎದುರಾಯಿತು. ಒಂದೇ ಬಗೆಯ ಸೋಲಿಗೆ ಒಬ್ಬರು ಕುಸಿದರೆ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಲಿನ್ ಅಬ್ರಾಮ್‌ಸನ್ ಮತ್ತು ಜಾನ್ ಟೀಸ್‌ಡೇಲ್ ಜೊತೆ ಸೇರಿ 1978ರಲ್ಲಿ ಸೆಲಿಗ್‌ಮನ್ ಕೊಟ್ಟ ವಿವರಣೆಯ ಪ್ರಕಾರ, ಸೋಲಿಗೆ ನಾವು ನಮಗೇ ಹೇಳಿಕೊಳ್ಳುವ ಕಾರಣದಲ್ಲಿ ವ್ಯತ್ಯಾಸವಿದೆ. ಪಿಯುಸಿ ಗಣಿತದಲ್ಲಿ ನಪಾಸಾದ ಹುಡುಗಿ ‘ನಾನೇ ದಡ್ಡಿ’ ಎಂದುಕೊಂಡರೆ ಆ ಕಾರಣ ಅವಳೊಳಗಿದೆ, ಎಂದೆಂದಿಗೂ ಇರುವಂಥದ್ದು, ಎಲ್ಲ ವಿಷಯಕ್ಕೂ ಚಾಚಿಕೊಳ್ಳುವಂಥದ್ದು. ‘ಕೊನೆಯ ಎರಡು ಅಧ್ಯಾಯ ಓದದೆ ಕೈಬಿಟ್ಟಿದ್ದೆ’ ಎಂಬ ಕಾರಣಕ್ಕೆ ಗಡಿಯಿದೆ, ಅದನ್ನು ಬದಲಿಸಲೂಬಹುದು. ಆದರೆ ಹೇಳಿಕೊಳ್ಳುವ ಕಾರಣ ನಿಜವೂ ಆಗಿರಬೇಕು. ಎರಡು ವರ್ಷ ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದ ರೈತನಿಗೆ ‘ನಿಮ್ಮ ದೃಷ್ಟಿಕೋನ ಬದಲಿಸಿಕೊಳ್ಳಿ’ ಎನ್ನುವುದು ಮನೋವಿಜ್ಞಾನವಲ್ಲ, ಉದ್ಧಟತನ.

ಇಷ್ಟು ಹಳೆಯ ಕಥೆ. ಮುಂದೆ ಸೆಲಿಗ್‌ಮನ್ ಮನುಷ್ಯರ ಆಶಾವಾದದ ಅಧ್ಯಯನಕ್ಕೆ ಹೊರಳಿದರು. ಮೇಯರ್ ನರವಿಜ್ಞಾನ ಕಲಿತು ಕೊಲರಾಡೊದಲ್ಲಿ ಇಲಿಗಳ ಮೆದುಳಿನೊಳಗೆ ಅದೇ ಪ್ರಶ್ನೆಯನ್ನು ಹುಡುಕುತ್ತ ಕುಳಿತರು. ದೀರ್ಘ ಕಾಲದ ನೋವಿಗೆ ಸಿಕ್ಕ ಇಲಿಯಲ್ಲಿ, ಮೆದುಳುಕಾಂಡದ ಡಾರ್ಸಲ್ ರಾಫೆ ಎಂಬ ಪುಟ್ಟ ನರಕೋಶಗಳ ಗುಂಪು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸುರಿಸಿ ಪ್ರಾಣಿಯನ್ನು ನಿಷ್ಕ್ರಿಯವಾಗಿಸುತ್ತದೆ ಎಂದು ಅಲ್ಲಿ ತಿಳಿದುಬಂತು. ಇದಕ್ಕೆ ಕಲಿಕೆಯೇ ಬೇಕಿಲ್ಲ. ನೋವು ಮುಗಿಯದೆ ಮುಂದುವರಿದರೆ ಕೈಚೆಲ್ಲುವುದು ಸಸ್ತನಿಯ ಮೆದುಳಿನ ಹುಟ್ಟುಗುಣ. ಹಾಗಾದರೆ ಕಲಿಯುವುದೇನು? ಮುಂಗಾಲಿನಿಂದ ಪುಟ್ಟ ಚಕ್ರವೊಂದನ್ನು ತಿರುಗಿಸಿ ಆಘಾತವನ್ನು ನಿಲ್ಲಿಸಬಲ್ಲ ಇಲಿಯಲ್ಲಿ, ಹಣೆಯ ಹಿಂಭಾಗದ ಮೆದುಳಿನ ಹೊರಪದರವು ‘ಇಲ್ಲಿ ನನ್ನ ಕೈ ನಡೆಯುತ್ತದೆ’ ಎಂಬುದನ್ನು ಗುರುತಿಸಿ ಡಾರ್ಸಲ್ ರಾಫೆಯ ಅಬ್ಬರವನ್ನು ಅಡಗಿಸುತ್ತದೆ. 2005ರಲ್ಲಿ ಮೇಯರ್ ತಂಡ ಆ ಹೊರಪದರವನ್ನು ಔಷಧಿಯಿಂದ ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿದಾಗ, ಇಲಿ ಎಂದಿನಂತೆ ಚಕ್ರ ತಿರುಗಿಸಿ ಆಘಾತ ನಿಲ್ಲಿಸುತ್ತಲೇ ಇತ್ತು. ಆದರೂ ಆಮೇಲೆ ಅದು ಅಸಹಾಯಕ ಇಲಿಯಂತೆಯೇ ವರ್ತಿಸಿತು. ಗೆದ್ದದ್ದು ಮೆದುಳಿನಲ್ಲಿ ದಾಖಲಾಗಿರಲಿಲ್ಲ. ಮತ್ತೊಂದು ಸಂಗತಿ ಇನ್ನೂ ಮುಖ್ಯವಾದದ್ದು: ಹಿಡಿತದ ಅನುಭವ ಮೊದಲೇ ಆಗಿದ್ದ ಪ್ರಾಣಿಗಳು, ಆಮೇಲೆ ನಿಜಕ್ಕೂ ಏನೂ ಮಾಡಲಾಗದ ಸ್ಥಿತಿಗೆ ಸಿಕ್ಕರೂ ಕುಸಿಯಲಿಲ್ಲ. ಲಸಿಕೆ ಹಾಕಿಸಿಕೊಂಡಂತೆ.

ಅಸಹಾಯಕತೆಯನ್ನು ಕಲಿಯಬೇಕಿಲ್ಲ, ಕಲಿಯಬೇಕಾದದ್ದು ಹಿಡಿತವನ್ನು ಎಂಬುದೇ 2016ರ ತಿದ್ದುಪಡಿಯ ತಿರುಳು. ಇಲಿಯ ಮೆದುಳಿನಿಂದ ಮನುಷ್ಯನ ಬದುಕಿಗೆ ದಾಟುವಾಗ ಎಚ್ಚರ ಬೇಕು, ನಿಜ. ಆದರೂ ಕೆಟ್ಟ ಸುದ್ದಿ ಕೇಳಿ ಮಂಕಾಗಿ ಕುಳಿತವರನ್ನು ದುರ್ಬಲರೆಂದು ಜರಿಯುವ ನಮ್ಮ ಅಭ್ಯಾಸಕ್ಕೆ ಇದು ತಕ್ಕ ಉತ್ತರ ಎಂದೇ ನನ್ನ ಅನಿಸಿಕೆ. ಅವರ ಮೆದುಳು ತನಗೆ ಹುಟ್ಟಿನಿಂದ ಬಂದ ಕೆಲಸವನ್ನೇ ಮಾಡುತ್ತಿರಬಹುದು. ಭರವಸೆ ಮೂಡುವುದು ಏನಾದರೊಂದನ್ನು ಮಾಡಿ ಅದರ ಫಲವನ್ನು ಕಂಡಾಗ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದಾಗ ರೋಗ ನಮ್ಮ ಕೈಯಲ್ಲಿಲ್ಲ. ಮಾತ್ರೆಗಳ ವೇಳಾಪಟ್ಟಿ, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳ ಚೀಟಿ, ರಾತ್ರಿ ಯಾರು ಜೊತೆಗಿರಬೇಕೆಂಬ ನಿರ್ಧಾರ, ಇವು ಕೈಯಲ್ಲಿವೆ. ತಿರುಗಿಸಲು ಸಿಗುವ ಚಕ್ರ ಕೆಲವೊಮ್ಮೆ ಇಷ್ಟೇ ಚಿಕ್ಕದು.

ರೋಗದ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಸುಮಾರು 70 ಸಾವಿರ ಮಹಿಳೆಯರು ಮತ್ತು 1,400ಕ್ಕೂ ಹೆಚ್ಚು ಪುರುಷರ ಮೇಲಿನ, 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅತಿ ಹೆಚ್ಚು ಆಶಾವಾದಿಗಳ ಆಯಸ್ಸು ಸರಾಸರಿ 11ರಿಂದ 15 ಶೇಕಡಾ ಹೆಚ್ಚಿತ್ತು. ಇದು ಜೊತೆಜೊತೆಗೆ ಕಂಡ ಸಂಬಂಧವೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂಬ ಸಾಕ್ಷ್ಯವಲ್ಲ. ಇನ್ನೊಂದೆಡೆ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳನ್ನು ಗಮನಿಸಿದ ಮನೋವಿಜ್ಞಾನಿ ಜೇಮ್ಸ್ ಕೋಯ್ನ್ ತಂಡ, ಅವರ ಮಾನಸಿಕ ನೆಮ್ಮದಿಗೂ ಬದುಕಿ ಉಳಿದ ಕಾಲಕ್ಕೂ ಯಾವ ಸಂಬಂಧವನ್ನೂ ಕಾಣಲಿಲ್ಲ ಎಂದು 2007ರಲ್ಲಿ ವರದಿ ಮಾಡಿತು. ‘ಧೈರ್ಯವಾಗಿದ್ದಿದ್ದರೆ ಉಳಿಯುತ್ತಿದ್ದರು’ ಎಂದು ಸತ್ತವರ ಬಗ್ಗೆ ಆಡುವ ಮಾತಿಗೆ ಇಲ್ಲಿ ಆಧಾರವಿಲ್ಲ; ಅದು ಮನೆಯವರ ಗಾಯಕ್ಕೆ ಉಪ್ಪು ಸವರುತ್ತದೆ, ಅಷ್ಟೆ.

ಸವಿಗನಸು ಕಾಣುವುದಕ್ಕೂ ಆಶಾವಾದಕ್ಕೂ ಇರುವ ಭೇದವನ್ನು ಜರ್ಮನ್ ಮೂಲದ ಮನೋವಿಜ್ಞಾನಿ ಗೇಬ್ರಿಯೆಲೆ ಓಟಿಂಗೆನ್ 1991ರಲ್ಲೇ ತೋರಿಸಿದ್ದರು. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರಲ್ಲಿ, ‘ನನ್ನಿಂದ ಇದು ಸಾಧ್ಯ’ ಎಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿಕೊಂಡರು. ತೆಳ್ಳಗಾದ ಮೇಲಿನ ಬದುಕನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡು ಸುಖಿಸಿದವರು ಕಡಿಮೆ ಇಳಿಸಿಕೊಂಡರು. ಗುರಿ ಮುಟ್ಟಿದಂತೆ ಕಲ್ಪಿಸಿಕೊಂಡಾಗ ರಕ್ತದೊತ್ತಡವೂ ತುಸು ಇಳಿಯುತ್ತದೆ ಎಂದು ಅವರ ಮುಂದಿನ ಪ್ರಯೋಗಗಳು ಹೇಳಿದವು, ಅಂದರೆ ದೇಹ ಕೆಲಸ ಮುಗಿಯಿತೆಂದು ವಿಶ್ರಾಂತಿಗೆ ಜಾರುತ್ತದೆ. ಬಯಕೆಯ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಿ, ಅಡ್ಡಿ ಎದುರಾದಾಗ ಏನು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಅವರು ಸೂಚಿಸುವ ಅಭ್ಯಾಸ.

ಯಾವ ಅಭ್ಯಾಸಕ್ಕೂ ದಕ್ಕದ ಸ್ಥಿತಿಯೂ ಇದೆ. ವಾರಗಟ್ಟಲೆ ನಿದ್ದೆ, ಹಸಿವು, ಆಸಕ್ತಿ ಸತ್ತುಹೋಗಿದ್ದರೆ ಅದು ಖಿನ್ನತೆಯ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಪಾತ್ರ ವಹಿಸುವ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ದಿನನಿತ್ಯದ ಬದುಕಿಗೆ ಸೆಲಿಗ್‌ಮನ್ ತಂಡ 2005ರಲ್ಲಿ ಪರೀಕ್ಷಿಸಿದ ಅಭ್ಯಾಸವೊಂದು ಬಹಳ ಪ್ರಸಿದ್ಧ: ಒಂದು ವಾರ ಪ್ರತಿ ರಾತ್ರಿ ಆ ದಿನ ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯುವುದು. ವಾರ ಮುಗಿದ ಮೇಲೂ ತಾವಾಗಿಯೇ ಬರೆಯುತ್ತ ಹೋದವರಲ್ಲಿ ಆರು ತಿಂಗಳ ನಂತರವೂ ಪರಿಣಾಮ ಎದ್ದು ಕಂಡಿತ್ತು. ಇಂಥ ಅಭ್ಯಾಸಗಳ ಬಗ್ಗೆ ನಂತರ ನಡೆದ ಪರಿಶೀಲನೆಗಳಲ್ಲಿ ಫಲ ಅಷ್ಟು ದೊಡ್ಡದಾಗಿ ಕಂಡಿಲ್ಲ. ಈ ಅಭ್ಯಾಸವನ್ನು ಹಂಚುವವರು ಸಾಮಾನ್ಯವಾಗಿ ಅದರ ಉಳಿದರ್ಧವನ್ನು ಮರೆತುಬಿಡುತ್ತಾರೆ. ಪ್ರತಿ ಸಂಗತಿಯ ಮುಂದೆ ಅದು ಯಾಕೆ ನಡೆಯಿತು ಎಂಬುದನ್ನೂ ಬರೆಯಬೇಕಿತ್ತು. ‘ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು’ ಎಂದು ಬರೆದವರು ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಬೇಕಾಗುತ್ತದೆ, ಆಮೇಲೆ ಅದರ ಕೆಳಗೆ ಹೀಗೆ ಬರೆಯುತ್ತಾರೆ: ‘ಹತ್ತು ನಿಮಿಷ ಮೊದಲೇ ಹೊರಟಿದ್ದೆ.’