ಪ್ರೈವೇಟ್ ಕೀ ಕಳಿಸಿ ಎನ್ನಬೇಡಿ

‘ಹೆಗಡೇರೇ, ಆ ಕೀ ಫೈಲ್ ವಾಟ್ಸಾಪ್ ಮಾಡಿಬಿಡಿ, ಮುಂದಿನದು ನಾವು ನೋಡ್ಕೊಳ್ತೇವೆ.’

ಶಿರಸಿಯ ಅಡಿಕೆ ವಹಿವಾಟಿನ ಕಚೇರಿಗಳಿಂದ ಗೋಕರ್ಣದ ಹೋಮ್‌ಸ್ಟೇಗಳ ತನಕ, ಬಾಡಿಗೆ ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಕೆಲಸ ಇರುವಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಕೇಳುವವರು ಅಸಡ್ಡೆಯ ಜನರಲ್ಲ. ರೊಕ್ಕದ ಪೆಟ್ಟಿಗೆಯ ಬೀಗದಕೈಯನ್ನು ಮನೆಮಂದಿಗೂ ಸುಲಭಕ್ಕೆ ಕೊಡದವರು. ಅಂಥವರೂ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೀ ವಿಷಯಕ್ಕೆ ಬಂದಾಗ ಅತಿ ಗುಟ್ಟಾಗಿರಬೇಕಾದ ಫೈಲನ್ನೇ ಊರಿಗೆಲ್ಲ ಹಂಚುತ್ತಾರೆ. ಹಾಗಾಗಿ ಈ ಸಲ ಬೇರೆಲ್ಲವನ್ನೂ ಬೇಗ ಬೇಗ ಮುಗಿಸಿ ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಕೀ ತಯಾರಿಸಿದಾಗ ಎರಡು ಫೈಲ್ ಹುಟ್ಟುತ್ತವೆ. ಹೆಸರಿನ ಕೊನೆಗೆ ‘.ಪಬ್’ ಇರುವುದು ಪಬ್ಲಿಕ್ ಕೀ, ಒಂದೇ ಸಾಲಿನದು. ಇನ್ನೊಂದು ಪ್ರೈವೇಟ್ ಕೀ. ತೆರೆದು ನೋಡಿದರೆ ಮೊದಲ ಸಾಲಲ್ಲೇ ‘ಪ್ರೈವೇಟ್ ಕೀ’ ಎಂದು ಬರೆದಿರುತ್ತದೆ. ಸರ್ವರ್‌ಗೆ ಬೇಕಾದದ್ದು ಪಬ್ಲಿಕ್ ಕೀ ಮಾತ್ರ. ಲಾಗಿನ್ ಆಗುವಾಗ ನಿಮ್ಮ ಲ್ಯಾಪ್‌ಟಾಪ್ ಆ ಹೊತ್ತಿನ ಸಂಪರ್ಕಕ್ಕಷ್ಟೇ ಸೇರಿದ ಒಂದಿಷ್ಟು ಮಾಹಿತಿಗೆ ಪ್ರೈವೇಟ್ ಕೀ ಬಳಸಿ ಸಹಿ ಹಾಕುತ್ತದೆ. ಸರ್ವರ್ ತನ್ನಲ್ಲಿರುವ ಪಬ್ಲಿಕ್ ಕೀ ಹಿಡಿದು ಆ ಸಹಿಯನ್ನು ತಾಳೆ ನೋಡುತ್ತದೆ. ಪ್ರೈವೇಟ್ ಕೀ ಸರ್ವರ್‌ಗೂ ಹೋಗುವುದಿಲ್ಲ, ತಂತಿಯ ಮೇಲೂ ಹೋಗುವುದಿಲ್ಲ. ಸೊಸೈಟಿಯಲ್ಲಿ ಖಾತೆ ತೆರೆಯುವಾಗ ಮಾದರಿ ಸಹಿ ಕೊಟ್ಟು ಬರುತ್ತೇವೆ, ಸಹಿ ಹಾಕುವ ಕೈ ನಮ್ಮ ಜೊತೆಗೇ ಮನೆಗೆ ಬರುತ್ತದೆ, ಇಲ್ಲಿಯೂ ಹಾಗೆಯೇ. ಇಲ್ಲಿನ ಅನುಕೂಲ ಇನ್ನೂ ಹೆಚ್ಚು, ಮಾದರಿ ಎದುರಿಗಿದ್ದರೂ ಅದನ್ನು ನೋಡಿ ಸಹಿ ನಕಲು ಮಾಡಲು ಯಾರಿಂದಲೂ ಆಗದು.

ಆದ್ದರಿಂದ ಪ್ರೈವೇಟ್ ಕೀಯನ್ನು ಯಾರಿಗಾದರೂ ಕಳಿಸಬೇಕಾದ ಸಂದರ್ಭವೇ ಇಲ್ಲ. ಬೆಂಗಳೂರಿನ ಡೆವಲಪರ್‌ಗೆ ಒಳಗೆ ಬರಬೇಕೇ? ಅವರೇ ತಮ್ಮ ಯಂತ್ರದಲ್ಲಿ ಕೀ ಮಾಡಿಕೊಂಡು ‘.ಪಬ್’ ಫೈಲನ್ನು ನಿಮಗೆ ಕಳಿಸಬೇಕು, ನೀವು ಅದರ ಸಾಲನ್ನು ಸರ್ವರ್‌ನ ‘ಆಥರೈಸ್ಡ್_ಕೀಸ್’ (ಒಳಬರಬಹುದಾದ ಕೀಗಳ ಪಟ್ಟಿ) ಫೈಲಿಗೆ ಸೇರಿಸಬೇಕು. ‘ನಾವೇ ಕೀ ಮಾಡಿ ಕಳಿಸುತ್ತೇವೆ, ಅವರಿಗೆ ಸುಲಭ’ ಎನ್ನುವ ಉಪಕಾರ ಬೇಡ.

‘ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿದೆಯಲ್ಲ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ದಾರಿಯಲ್ಲಿ ಆಗಿದೆ, ನಿಜ. ಆದರೆ ಫೈಲ್ ತಲುಪಿದ ಮೇಲೆ ಎರಡೂ ಫೋನುಗಳ ಸ್ಟೋರೇಜ್‌ನಲ್ಲಿ ಕೂರುತ್ತದೆ. ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ತೆರೆದು ಇಳಿಸಿಕೊಂಡಿದ್ದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇನ್ನೊಂದು ಪ್ರತಿ, ಬ್ಯಾಕಪ್‌ನಲ್ಲಿ ಮತ್ತೊಂದು. ಪೆನ್‌ಡ್ರೈವ್‌ನಲ್ಲಿ ಒಯ್ದು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಿಂದ ಮೇಲ್ ಮಾಡಿದ್ದರೆ ಅಲ್ಲಿಯೂ ಒಂದು ಉಳಿದಿರಬಹುದು. ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದರೆ ಇವೆಲ್ಲ ಹೋದವೆಂದು ನಾನಂತೂ ಭರವಸೆ ಕೊಡಲಾರೆ. ಒಮ್ಮೆ ಕಳಿಸಿದ ಪ್ರೈವೇಟ್ ಕೀ ಕಳವಾಯಿತು ಎಂದೇ ಲೆಕ್ಕ ಹಿಡಿದು ಹೊಸದು ಮಾಡಿ.

ಪಬ್ಲಿಕ್ ಕೀಯನ್ನು ವಾಟ್ಸಾಪ್‌ನಲ್ಲಿ ಕಳಿಸಲು ಅಡ್ಡಿಯಿಲ್ಲ. ಪಠ್ಯವಾಗಿ ಅಂಟಿಸಬೇಡಿ, ಫೈಲ್ ಆಗಿಯೇ ಕಳಿಸಿ. ಅಂಟಿಸುವಾಗ ಮಧ್ಯದಲ್ಲಿ ಸಾಲು ಮುರಿದರೆ ಕೀ ಕೆಲಸ ಮಾಡುವುದಿಲ್ಲ. ಬಂದದ್ದು ನಿಜಕ್ಕೂ ಆ ವ್ಯಕ್ತಿಯದೇ ಎಂದು ಖಾತ್ರಿ ಮಾಡಿಕೊಳ್ಳಲು ಇಬ್ಬರೂ ‘ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್’ ಮುಂದೆ ಫೈಲಿನ ಹೆಸರು ಕೊಟ್ಟು ಫಿಂಗರ್‌ಪ್ರಿಂಟ್ (ಕೀಯ ಚಿಕ್ಕ ಗುರುತು) ತೆಗೆಯಿರಿ, ಫೋನಿನಲ್ಲಿ ಓದಿ ಹೋಲಿಸಿ. ಎರಡು ನಿಮಿಷದ ಕೆಲಸ. (ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಕೀ ತಯಾರಿಸುವುದು ಒಂದೇ ಸಾಲಿನ ಕೆಲಸ: ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಎ 100 -ಸಿ ಹೆಗಡೆ-ಲ್ಯಾಪ್‌ಟಾಪ್-2025’. ಕೊನೆಯ ‘ಸಿ’ ದೊಡ್ಡಕ್ಷರ, ಉಳಿದವು ಸಣ್ಣವು. ‘ಸಿ’ ಮುಂದೆ ಕೀಯ ಗುರುತಿಗೆ ಹೆಸರು, ಯಂತ್ರ, ವರ್ಷ ಬರೆಯಿರಿ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಅದರ ಆಜ್ಞೆ ಕೊಡುವ ಕಿಟಕಿಯಾದ ಪವರ್‌ಶೆಲ್‌ನಲ್ಲೂ ಇದೇ ನಡೆಯುತ್ತದೆ. ಇಡಿ25519 ಬಗೆಯ ಕೀ ಓಪನ್‌ಎಸ್‌ಎಸ್‌ಎಚ್‌ಗೆ (ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶ) 2014ರಲ್ಲಿ 6.5ನೇ ಆವೃತ್ತಿಯೊಂದಿಗೆ ಬಂತು, 2023ರ 9.5ರಿಂದ ಬಗೆ ಹೇಳದಿದ್ದರೂ ಅದೇ ಹುಟ್ಟುತ್ತದೆ. ಅದನ್ನು ಒಪ್ಪದ ಹಳೆಯ ಸಾಧನವಿದ್ದರೆ ಮಾತ್ರ 3072 ಅಥವಾ 4096 ಬಿಟ್‌ನ ಆರ್‌ಎಸ್‌ಎ ಎಂಬ ಹಳೆಯ ಬಗೆಯ ಕೀ. 2021ರ 8.8ನೇ ಆವೃತ್ತಿ ಬಂದಾಗ ‘ಆರ್‌ಎಸ್‌ಎ ನಿಂತುಹೋಯಿತು’ ಎಂಬ ಗುಲ್ಲೆದ್ದಿತ್ತು. ನಿಂತದ್ದು ಎಸ್‌ಎಚ್‌ಎ-1 ಎಂಬ ಹಳೆಯ ಲೆಕ್ಕದ ವಿಧಾನ ಬಳಸಿ ಹಾಕುವ ಸಹಿ. ಕೀ ಅದೇ ಇದ್ದರೂ ಎಸ್‌ಎಚ್‌ಎ-2 ಸಹಿಯೊಂದಿಗೆ ಅದು ಇಂದಿಗೂ ನಡೆಯುತ್ತದೆ. ಡಿಎಸ್‌ಎ ಎಂಬ ಇನ್ನೊಂದು ಹಳೆಯ ಬಗೆಯ ಕೀ ಯಾರ ಬಳಿಯಾದರೂ ಉಳಿದಿದ್ದರೆ ಅಳಿಸಿ.

ಕೀ ತಯಾರಿಸುವಾಗ ಪಾಸ್‌ಫ್ರೇಸ್ (ಕೀ ಫೈಲಿನ ಗುಪ್ತಪದ) ಕೇಳಿದಾಗ ಬರೀ ಎಂಟರ್ ಒತ್ತಬೇಡಿ. ಡಿಸ್ಕಿನ ಮೇಲಿರುವ ಪ್ರೈವೇಟ್ ಕೀ ಫೈಲನ್ನು ಗೂಢಲಿಪಿಯಲ್ಲಿಡುವುದೇ ಅದು. ಮೇಲಿನ ‘-ಎ 100’ ಊಹೆ ಮಾಡುತ್ತಾ ಕೂರುವವನ ವೇಗವನ್ನು ತಗ್ಗಿಸುತ್ತದೆ. ದಿನಕ್ಕೆ ಹತ್ತು ಸಲ ಟೈಪ್ ಮಾಡುವ ಬೇಸರಕ್ಕೆ, ತೆರೆದ ಕೀಯನ್ನು ನೆನಪಿನಲ್ಲಿಟ್ಟುಕೊಳ್ಳುವ ಏಜೆಂಟ್ ಎಂಬ ತಂತ್ರಾಂಶ ಇದೆ: ಬೆಳಿಗ್ಗೆ ‘ಎಸ್‌ಎಸ್‌ಎಚ್-ಆಡ್ -ಟಿ 8ಎಚ್’ ಎಂದು ಸೇರಿಸಿದರೆ ಎಂಟು ತಾಸು ಮತ್ತೆ ಕೇಳುವುದಿಲ್ಲ. ಆದರೆ ಒಂದು ಮಾತು ಚೆನ್ನಾಗಿ ತಿಳಿದಿರಲಿ. ಪಾಸ್‌ಫ್ರೇಸ್ ಬದಲಿಸಿದರೆ ಕೀ ಬದಲಾಗುವುದಿಲ್ಲ. ನಿಮ್ಮ ಕೈಲಿರುವ ಪ್ರತಿಗೆ ಹೊಸ ಪಾಸ್‌ಫ್ರೇಸ್ ಬರುತ್ತದೆ, ಅಷ್ಟೇ. ಮೊದಲೇ ಹೊರಗೆ ಹೋದ ಪ್ರತಿ ಹಳೆಯ ಪಾಸ್‌ಫ್ರೇಸ್‌ಗೇ ತೆರೆದುಕೊಳ್ಳುತ್ತದೆ, ಅದರಿಂದ ಸರ್ವರ್‌ಗೆ ಲಾಗಿನ್ ಕೂಡ ಆಗುತ್ತದೆ. ‘ಹುಡುಗ ಕೆಲಸ ಬಿಟ್ಟ ದಿನವೇ ಪಾಸ್‌ಫ್ರೇಸ್ ಬದಲಿಸಿದ್ದೇವೆ’ ಎನ್ನುವವರು ಸರ್ವರ್‌ನ ಬಾಗಿಲನ್ನು ಮುಟ್ಟಿಯೇ ಇಲ್ಲ. ಆ ಕೀಯ ಸಾಲು ಸರ್ವರ್‌ನಿಂದ ಹೋಗಬೇಕು.

ಪ್ರೈವೇಟ್ ಕೀ ಎಷ್ಟು ಗುಟ್ಟಾಗಿದ್ದರೂ ಹುಟ್ಟಿದ ಜಾಗ ಸರಿಯಿರಬೇಕು. 2008ರ ಮೇ ತಿಂಗಳಲ್ಲಿ ಬಯಲಾದ, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ ಪ್ರಕರಣ ಗೊತ್ತಿರುವವರು ಇದನ್ನು ಮರೆಯುವುದಿಲ್ಲ. 2006ರಲ್ಲಿ ಡೆಬಿಯನ್‌ನವರು ಗೂಢಲಿಪಿಯ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ಗೆ ಮಾಡಿದ ಒಂದು ತಿದ್ದುಪಡಿಯಿಂದ ಯಾದೃಚ್ಛಿಕತೆಯ (ಯಾರೂ ಊಹಿಸಲಾಗದ ಸಂಖ್ಯೆಗಳ) ಮೂಲವೆಲ್ಲ ಕಳಚಿಹೋಗಿ, ಪ್ರೊಸೆಸ್ ಸಂಖ್ಯೆ ಮಾತ್ರ ಉಳಿಯಿತು. ಒಂದು ಬಗೆಯ, ಒಂದು ಅಳತೆಯ ಕೀ ಎಂದರೆ ಒಟ್ಟು 32,767 ಸಾಧ್ಯತೆ. ಎಲ್ಲವನ್ನೂ ಮೊದಲೇ ತಯಾರಿಸಿ ಪಟ್ಟಿ ಮಾಡಿಟ್ಟುಕೊಳ್ಳಬಹುದಿತ್ತು. 2024ರ ಏಪ್ರಿಲ್‌ನಲ್ಲಿ ವಿಂಡೋಸ್‌ನಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಪುಟ್ಟಿ ತಂತ್ರಾಂಶದಲ್ಲೂ ದೋಷ ಸಿಕ್ಕಿತು: 0.68ರಿಂದ 0.80ರ ತನಕದ ಆವೃತ್ತಿಗಳಲ್ಲಿ ಪಿ-521 ಬಗೆಯ ಕೀ ಬಳಸಿದ್ದರೆ, ಸುಮಾರು 60 ಸಹಿಗಳಿಂದಲೇ ಪ್ರೈವೇಟ್ ಕೀ ಲೆಕ್ಕಹಾಕಿ ತೆಗೆಯಬಹುದಿತ್ತು. ಪುಟ್ಟಿ ಬಳಸುವವರು ನಮ್ಮಲ್ಲಿ ಬಹಳ ಮಂದಿ. ಆವೃತ್ತಿ ನೋಡಿಕೊಳ್ಳಿ. ಆ ಬಗೆಯ ಕೀ ಇದ್ದರೆ ಪುಟ್ಟಿಯನ್ನು ಹೊಸದಾಗಿಸಿದರಷ್ಟೇ ಸಾಲದು, ಕೀಯನ್ನೂ ಬದಲಿಸಬೇಕು. ಯಾವುದೋ ವೆಬ್‌ಸೈಟಿನಲ್ಲಿ ‘ಕೀ ಜನರೇಟ್’ ಒತ್ತಿ ಇಳಿಸಿಕೊಳ್ಳುವುದನ್ನಂತೂ ಮಾಡಲೇಬೇಡಿ.

ಅಮೆಜಾನ್‌ನ ಸರ್ವರ್ ತೆಗೆದುಕೊಂಡವರು ಅಲ್ಲೇ ತಯಾರಾದ ‘.ಪೆಮ್’ ಫೈಲ್ (ಇದೂ ಪ್ರೈವೇಟ್ ಕೀಯೇ) ಇಳಿಸಿಕೊಂಡು, ಕಚೇರಿಗೆಲ್ಲ ಅದೊಂದನ್ನೇ ಹಂಚಿರುತ್ತಾರೆ. ನಿಮ್ಮದೇ ಪಬ್ಲಿಕ್ ಕೀಯನ್ನು ಅಲ್ಲಿಗೆ ಇಂಪೋರ್ಟ್ ಮಾಡುವ ಅವಕಾಶವಿದೆ, ಅದನ್ನು ಬಳಸಿ. ಕನ್ಸೋಲ್‌ನಲ್ಲಿ ಕೀ-ಪೇರ್ ಅಳಿಸಿದರೆ ಓಡುತ್ತಿರುವ ಸರ್ವರ್‌ನೊಳಗಿನ ಸಾಲು ಅಳಿಯುವುದಿಲ್ಲ.

ಕೀ ಸೇರಿಸಿದ ಮೇಲೂ ‘ಪರ್ಮಿಶನ್ ಡಿನೈಡ್’ ಬಂದರೆ ಹೆಚ್ಚಾಗಿ ಕಾರಣ ಅನುಮತಿಗಳೇ, ಅಂದರೆ ಫೈಲನ್ನು ಯಾರು ಓದಬಹುದು, ಬರೆಯಬಹುದು ಎಂದು ಹೇಳುವ ಸಂಖ್ಯೆಗಳು. ಸರ್ವರ್‌ನಲ್ಲಿ ‘.ಎಸ್‌ಎಸ್‌ಎಚ್’ ಫೋಲ್ಡರ್ 700, ಅದರೊಳಗಿನ ‘ಆಥರೈಸ್ಡ್_ಕೀಸ್’ ಫೈಲ್ 600. ಹೋಮ್ ಫೋಲ್ಡರಿಗೆ ಬೇರೆಯವರು ಬರೆಯುವಂತಿದ್ದರೂ ಸರ್ವರ್ ಕೀಯನ್ನು ನಿರಾಕರಿಸುತ್ತದೆ. ಇದನ್ನು ಹುಡುಕಲು ಹೊತ್ತು ಹಿಡಿಯುತ್ತದೆ, ಏಕೆಂದರೆ ನಿಮ್ಮ ಪರದೆಯಲ್ಲಿ ಕಾರಣ ಕಾಣುವುದಿಲ್ಲ. ಸರ್ವರ್‌ನ ಲಾಗ್ ನೋಡಬೇಕು. ಲ್ಯಾಪ್‌ಟಾಪ್‌ನಲ್ಲಿ ಪ್ರೈವೇಟ್ ಕೀ 600 ಇರಬೇಕು. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಸೌಲಭ್ಯ) ಬಳಸುವವರು ಕೀಯನ್ನು ಸಿ ಡ್ರೈವ್‌ನಲ್ಲೇ ಬಿಟ್ಟರೆ ಅದು ಸಾಮಾನ್ಯವಾಗಿ 777, ಅಂದರೆ ಎಲ್ಲರಿಗೂ ತೆರೆದದ್ದು ಎಂದು ಕಾಣಿಸಿ ತಕರಾರು ಬರುತ್ತದೆ. ಲಿನಕ್ಸ್ ಬದಿಯಲ್ಲಿ ಹೊಸ ಕೀ ಮಾಡಿಕೊಳ್ಳುವುದೇ ಸರಿ.

‘ಹೊಸ ಲ್ಯಾಪ್‌ಟಾಪ್ ಬಂತು, ಹಳೆಯ ಕೀ ಹೇಗೆ ಒಯ್ಯಲಿ?’ ಒಯ್ಯಬೇಡಿ. ಒಬ್ಬ ವ್ಯಕ್ತಿ, ಒಂದು ಯಂತ್ರ, ಒಂದು ಕೀ. ಹೊಸ ಯಂತ್ರದಲ್ಲಿ ಹೊಸದನ್ನು ಮಾಡಿ, ಹಳೆಯ ಯಂತ್ರದಿಂದ ಒಳಹೋಗಿ ಹೊಸ ಸಾಲು ಸೇರಿಸಿ, ಪರೀಕ್ಷಿಸಿ, ಆಮೇಲೆ ಹಳೆಯ ಸಾಲು ತೆಗೆಯಿರಿ. ಘಟ್ಟದ ಮೇಲಿನವರಿಗೆ ಇದರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮಳೆಗಾಲದ ಮೊದಲ ಗುಡುಗು ಸಿಡಿಲಿಗೆ ಸಿದ್ದಾಪುರ, ಯಲ್ಲಾಪುರದ ಕಡೆ ರೂಟರ್, ಲ್ಯಾಪ್‌ಟಾಪ್ ಸುಟ್ಟುಹೋಗುವುದು ಹೊಸತಲ್ಲ. ಒಳಹೋಗಲು ಒಂದೇ ಯಂತ್ರವಿದ್ದರೆ ಅದರ ಜೊತೆ ದಾರಿಯೂ ಹೋಯಿತು. ಮೇ ತಿಂಗಳು ಮುಗಿಯುವುದರೊಳಗೆ ಎರಡನೇ ಯಂತ್ರದಲ್ಲಿ ಬೇರೆ ಕೀ ಮಾಡಿ ಸರ್ವರ್‌ಗೆ ಸೇರಿಸಿಡಿ. ಸರ್ವರ್ ಕೊಟ್ಟವರ ವೆಬ್ ಕನ್ಸೋಲ್‌ಗೆ ಲಾಗಿನ್ ಆಗುತ್ತದೆಯೇ ಎಂದೂ ನೋಡಿಡಿ. ಕೆಟ್ಟ ಲ್ಯಾಪ್‌ಟಾಪನ್ನು ಹುಬ್ಬಳ್ಳಿಗೆ ರಿಪೇರಿಗೆ ಕಳಿಸುತ್ತೀರಾದರೆ ಅದರ ಸಾಲನ್ನು ಅಂದೇ ಸರ್ವರ್‌ನಿಂದ ತೆಗೆಯಿರಿ.

ಇಂತಿಂಥ ಐಪಿಯಿಂದ (ಇಂಟರ್ನೆಟ್ ವಿಳಾಸದಿಂದ) ಬಂದರೆ ಮಾತ್ರ ಒಪ್ಪು ಎಂದು ಕೀ ಸಾಲಿನ ಮೊದಲಿಗೆ ‘ಫ್ರಮ್’ ನಿರ್ಬಂಧ ಬರೆಯಬಹುದು. ಒಳ್ಳೆಯ ಸೌಲಭ್ಯ, ಆದರೆ ಸ್ಥಿರ ಐಪಿ ಕೊಂಡವರಿಗೆ ಮಾತ್ರ. ಮನೆಯ ಫೈಬರ್, ಮೊಬೈಲ್ ಹಾಟ್‌ಸ್ಪಾಟ್‌ಗಳಲ್ಲಿ ಐಪಿ ಬದಲಾಗುತ್ತಿರುತ್ತದೆ. ಒಂದು ಬಾರಿ ಕರೆಂಟ್ ಹೋಗಿ ಬಂದರೆ ನೀವೇ ಹೊರಗೆ ನಿಂತಿರುತ್ತೀರಿ.

ಕೀ ಕೆಲಸ ಮಾಡುತ್ತಿದೆ ಎಂದಾದ ಮೇಲೆ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ ಪ್ರಯೋಜನವಿಲ್ಲ. ಸರ್ವರ್‌ನ ಸೆಟ್ಟಿಂಗ್ ಫೈಲಾದ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ನಲ್ಲಿ ‘ಪಾಸ್‌ವರ್ಡ್ಆಥೆಂಟಿಕೇಶನ್ ನೋ’, ‘ಕೆಬಿಡಿಇಂಟರಾಕ್ಟಿವ್ಆಥೆಂಟಿಕೇಶನ್ ನೋ’ ಎರಡೂ ಬೇಕು. ಉಬುಂಟುವಿನ ಬಾಡಿಗೆ ಸರ್ವರ್‌ಗಳಲ್ಲಿ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರಿನಲ್ಲಿ ಕ್ಲೌಡ್-ಇನಿಟ್ (ಹೊಸ ಸರ್ವರನ್ನು ಮೊದಲ ಸಲ ಸಿದ್ಧಗೊಳಿಸುವ ತಂತ್ರಾಂಶ) ಇಟ್ಟ ಪುಟ್ಟ ಫೈಲೊಂದು ‘ಯೆಸ್’ ಎಂದು ಹೇಳುತ್ತಿರಬಹುದು. ಸರ್ವರ್ ಅದನ್ನೇ ಮೊದಲು ಓದುತ್ತದೆ, ಮೊದಲು ಓದಿದ ಸೂಚನೆಯೇ ನಿಲ್ಲುವುದರಿಂದ ನೀವು ಬರೆದ ‘ನೋ’ ಲೆಕ್ಕಕ್ಕಿಲ್ಲ. ‘ಎಸ್‌ಎಸ್‌ಎಚ್‌ಡಿ -ಟಿ’ (ದೊಡ್ಡಕ್ಷರದ ಟಿ) ಕೊಟ್ಟು ನಿಜವಾಗಿ ಜಾರಿಯಲ್ಲಿರುವುದೇನು ಎಂದು ಓದಿ. ಸಣ್ಣಕ್ಷರದ ‘-ಟಿ’ ಫೈಲಿನಲ್ಲಿ ತಪ್ಪಿದೆಯೇ ಎಂದಷ್ಟೇ ಹೇಳುತ್ತದೆ. ಸೇವೆಯನ್ನು ರೀಲೋಡ್ ಮಾಡುವಾಗ ತೆರೆದಿರುವ ಕಿಟಕಿ ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ನೋಡಿದ ಮೇಲೆಯೇ ಮುಚ್ಚಿ.

ಕೊನೆಗೆ, ಬಿಟ್ಟುಹೋದವರ ಕೀ. ಹೋಮ್‌ಸ್ಟೇ ಬುಕಿಂಗ್ ಸೈಟುಗಳ ಸರ್ವರ್‌ನಲ್ಲಿ ‘ಆಥರೈಸ್ಡ್_ಕೀಸ್’ ತೆರೆದರೆ ನಾಲ್ಕೈದು ಸಾಲು, ಎಲ್ಲದರ ಕೊನೆಗೂ ‘ಯೂಸರ್@ಲ್ಯಾಪ್‌ಟಾಪ್’. ಯಾವುದು ಯಾರದೆಂದು ಮಾಲೀಕರಿಗೂ ಗೊತ್ತಿರುವುದಿಲ್ಲ, ಹೆದರಿ ಯಾವುದನ್ನೂ ತೆಗೆಯುವುದಿಲ್ಲ. ಮೇಲೆ ‘-ಸಿ’ ಹಾಕಿ ಹೆಸರು, ಯಂತ್ರ, ವರ್ಷ ಬರೆಯಲು ಹೇಳಿದ್ದು ಇದಕ್ಕೇ. ಯಾರದೆಂದು ತಿಳಿಯದ ಸಾಲಿದ್ದರೆ ಸರ್ವರ್‌ನ ಲಾಗ್ ನೋಡಿ. ಪ್ರತಿ ಲಾಗಿನ್‌ನ ಮುಂದೆ ಕೀಯ ಫಿಂಗರ್‌ಪ್ರಿಂಟ್ ದಾಖಲಾಗಿರುತ್ತದೆ. ಉಬುಂಟು, ಹಳೆಯ ಡೆಬಿಯನ್‌ನಲ್ಲಿ ‘ಆಥ್.ಲಾಗ್’, ರೆಡ್ ಹ್ಯಾಟ್ ಕುಟುಂಬದಲ್ಲಿ ‘ಸೆಕ್ಯೂರ್’ ಎಂಬ ಫೈಲ್. ಸಾಲು ತೆಗೆಯುವಾಗ ಸರ್ವರ್‌ನ ಮುಖ್ಯ ಖಾತೆಯಾದ ರೂಟ್ ಅನ್ನೂ ಉಳಿದ ಖಾತೆಗಳನ್ನೂ ನೋಡಿ, ‘ಆಥರೈಸ್ಡ್_ಕೀಸ್2’ ಎಂಬ ಹೆಸರಿನ ಫೈಲ್ ಇದ್ದರೆ ಅದನ್ನೂ ನೋಡಿ. ಬೇರೆ ಹೇಳದಿದ್ದರೆ ಓಪನ್‌ಎಸ್‌ಎಸ್‌ಎಚ್ ಅದನ್ನೂ ಓದುತ್ತದೆ. ಸಾಲು ತೆಗೆದರೆ ಮುಂದಿನ ಲಾಗಿನ್ ನಿಲ್ಲುತ್ತದೆ, ಆಗಲೇ ಒಳಗಿರುವವರು ಒಳಗೇ ಇರುತ್ತಾರೆ. ‘ಹೂ’ (‘ಯಾರು’ ಎಂಬರ್ಥದ ಇಂಗ್ಲಿಷ್ ಪದ) ಆಜ್ಞೆ ಕೊಟ್ಟು ಯಾರಿದ್ದಾರೆ ನೋಡಿ ಆ ಸೆಷನ್‌ನ ಪ್ರೊಸೆಸ್ ಕೊಲ್ಲಿ, ಆ ಖಾತೆಯ ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ) ಏನಿದೆ ಎಂದೂ ತೆರೆದು ನೋಡಿ.