ಬ್ಯಾಂಕ್ ಕೊಡುವ ಸಾಲದ ದುಡ್ಡು ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾವು ಕಟ್ಟಿದ ಪಿಗ್ಮಿ, ಎಫ್‌ಡಿ ದುಡ್ಡನ್ನೇ ತಾನೇ ಬ್ಯಾಂಕಿನವರು ಸಾಲ ಕೊಡುವುದು? ಮತ್ತೆ ಸಾಲದಿಂದ ಹೊಸ ಹಣ ಹುಟ್ಟುತ್ತದೆ ಅಂತಾರಲ್ಲ, ಹೇಗೆ? ಅದರಿಂದ ದೇಶ ಬೆಳೆಯುತ್ತದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಉಡುಪಿಯವರಿಗೆ ಹೀಗನ್ನಿಸುವುದು ಸಹಜ. 1925ರಲ್ಲಿ ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡರು. ಮೊದಲು ಉಳಿತಾಯ, ಆಮೇಲೆ ಸಾಲ ಎಂದೇ ನಾವು ನಂಬಿದ್ದೇವೆ.

ಲೆಕ್ಕದ ಪುಸ್ತಕ ನೋಡಿದರೆ ಹಾಗಿಲ್ಲ. ಮಲ್ಪೆಯಲ್ಲಿ ಒಬ್ಬರಿಗೆ ಐಸ್ ಪ್ಲಾಂಟ್ ಹಾಕಲು 50 ಲಕ್ಷ ಸಾಲ ಸಿಕ್ಕಿತು ಅಂದುಕೊಳ್ಳಿ. ಬ್ಯಾಂಕು ಅವರ ಖಾತೆಗೆ 50 ಲಕ್ಷ ಜಮಾ ಮಾಡುತ್ತದೆ. ನಿಮ್ಮ ಪಿಗ್ಮಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ, ಅಲ್ವಾ? ಹಾಗಾದರೆ ಒಟ್ಟು ಠೇವಣಿ ಅಷ್ಟು ಜಾಸ್ತಿಯಾಯಿತು. ಹೊಸ ಹಣ ಅಂದರೆ ಇದೇ. ಅಸಲು ತೀರಿದಂತೆ ಅದು ಅಳಿಯುತ್ತದೆ.

ಹಾಗಂತ ಸುಮ್ನೆ ಸಾಲ ಹಂಚಲಾಗದು. ಆ ದುಡ್ಡು ಯಂತ್ರ ಮಾರಿದವರ ಬ್ಯಾಂಕಿಗೆ ಹೋದಾಗ ಮೊದಲ ಬ್ಯಾಂಕು ಆರ್‌ಬಿಐನಲ್ಲಿರುವ ತನ್ನ ಖಾತೆಯಿಂದ ಅಷ್ಟನ್ನು ಕೊಡಬೇಕು. ಬ್ಯಾಂಕಿನವರು ಎಫ್‌ಡಿ ಇಡಿ ಅಂತ ನಿಮ್ಮ ಬೆನ್ನು ಬೀಳುವುದು ಇದಕ್ಕೇ. ಸ್ವಂತ ಬಂಡವಾಳ ಇಷ್ಟಿರಬೇಕು ಎಂಬ ನಿಯಮವೂ ಇದೆ.

ಇನ್ನು ಬೆಳವಣಿಗೆ. ಐಸ್ ಸಿಕ್ಕರೆ ಮೀನು ಕೆಡುವುದು ಕಡಿಮೆ, ದೂರದ ಊರಿಗೂ ಕಳಿಸಬಹುದು, ನಾಲ್ಕು ಜನಕ್ಕೆ ಕೆಲಸ. ಅದೇ 50 ಲಕ್ಷದಲ್ಲಿ ಮಂಗಳೂರಿನಲ್ಲೊಂದು ಸೈಟು ತೆಗೆದುಕೊಂಡರೆ? ಜಾಗ ಮೊದಲೂ ಇತ್ತು, ಈಗಲೂ ಇದೆ. ಹತ್ತು ಜನ ಸಾಲ ತಂದು ಪೈಪೋಟಿಗಿಳಿದರೆ ಸೆಂಟ್ಸಿನ ರೇಟು ಮಾತ್ರ ಏರುತ್ತದೆ. ಬ್ಯಾಂಕಿಗೋ ಎರಡನೆಯದೇ ಇಷ್ಟ; ಅಡಮಾನಕ್ಕೆ ಜಾಗ ಗಟ್ಟಿ. ಎಷ್ಟು ಸಾಲ ಹೋಯಿತು ಎನ್ನುವುದಕ್ಕಿಂತ ಯಾವುದಕ್ಕೆ ಹೋಯಿತು ಎಂದು ಕೇಳಬೇಕು ಅನ್ನುವುದು ನನ್ನ ವಾದ.

ಒಳ್ಳೆಯ ಕೆಲಸಕ್ಕೆ ಹೋದ ಹಣಕ್ಕೂ ಮಿತಿಯಿದೆ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ ನಿಷೇಧ. ಆಗ ಎಲ್ಲರ ಕಿಸೆ ತುಂಬಿಸಿದರೂ ಬಂಗುಡೆ ಜಾಸ್ತಿ ಬರುವುದಿಲ್ಲ, ರೇಟು ಏರುತ್ತದೆ. ಬೆಲೆಯೇರಿಕೆಯನ್ನು ಶೇ 4ರ ಆಸುಪಾಸಿನಲ್ಲಿ ಇಡುವುದು ಆರ್‌ಬಿಐ ಗುರಿ. ಅದಕ್ಕಾಗಿ ರೆಪೊ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಿ ಸಾಲ ದುಬಾರಿ ಮಾಡುತ್ತದೆ.

ಇಳಿಸಿದ ಕೂಡಲೇ ಸಾಲ ಹೆಚ್ಚುತ್ತದೆ ಅಂತಲೂ ಇಲ್ಲ. 2020ರ ಮೇ ತಿಂಗಳಲ್ಲಿ ರೆಪೊ ಶೇ 4ಕ್ಕೆ ಇಳಿಯಿತು. ಆದರೆ ಲಾಕ್‌ಡೌನಿನಲ್ಲಿ ಗಿರಾಕಿಯೇ ಇಲ್ಲದಾಗ ಅಂಗಡಿ ವಿಸ್ತರಿಸಲು ಯಾರು ಸಾಲ ಕೇಳುತ್ತಾರೆ?